ಕುಲುಕದ ಸಿಲಿಂಡರುಗಳು

ಕೊಲ್ಲಿ ನಾಡಿನ ಜಹ್ರಾದ ಗ್ಯಾಸ್ ಗೋದಾಮಿನಲ್ಲಿ ಬಾವಾಕುಂಞಿ ಇಪ್ಪತ್ತಾರು ವರ್ಷದಿಂದ ಸ್ಟೋರ್ ಕೀಪರು. ಹೋಟೆಲುಗಳ ಸೋಡಾ ಮೆಷಿನ್ನಿಗೆ ಹೋಗುವ ಕಾರ್ಬನ್ ಡೈಆಕ್ಸೈಡ್ ಸಿಲಿಂಡರನ್ನು ತುಸು ವಾಲಿಸಿ, ಒಳಗಿನ ದ್ರವ ಕುಲುಕುವ ಸದ್ದು ಕೇಳಿಯೇ ತುಂಬಿದೆಯೋ ಖಾಲಿಯೋ ಎಂದು ಹೇಳಿಬಿಡುತ್ತಿದ್ದ. ತಕ್ಕಡಿ ಮೂಲೆಯಲ್ಲಿ ಧೂಳು ತಿನ್ನುತ್ತಾ ಬಿದ್ದಿತ್ತು. ಅಲ್ಲಿಯೂ ಊರಿನಲ್ಲಿಯೂ ಉಪ್ಪಿನಂಗಡಿ ಕಡೆಯ ಬ್ಯಾರಿಗಳೆಲ್ಲ "ಬಾವಾಕ ಹೇಳಿದ್ರೆ ಮುಗೀತು" ಎನ್ನುತ್ತಿದ್ದರು. ಹೊಗಳಿಕೆ ಯಾರಿಗೆ ಕಹಿ? ಅದು ಅವನ ತಲೆಗೂ ಏರಿತ್ತು.

ಜುಲೈ ತಿಂಗಳ ಒಂದು ಮಂಗಳವಾರ ಅವನದೇ ಊರಿನ ಡ್ರೈವರ್ ಶಾಹುಲ್ ಹಮೀದನ ಲಾರಿ ದಾರಿಯಲ್ಲಿ ಕೆಟ್ಟು ನಿಂತಿತು. ದಿನಾ ಬೆಳಿಗ್ಗೆ, ಆಗಷ್ಟೇ ತುಂಬಿಸಿದ ತಣ್ಣಗಿನ ಸಿಲಿಂಡರುಗಳನ್ನು ತರುತ್ತಿದ್ದವನು ಅಂದು ತಲುಪುವಾಗ ಹನ್ನೊಂದು ದಾಟಿತ್ತು. ಬೇಸಿಗೆಯಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ, ಅದು ಅಲ್ಲಿನ ಕಾನೂನು. ಹಾಗಾಗಿ ಲಾರಿ ಅಂಗಳದಲ್ಲೇ ಕಾಯುತ್ತಾ ನಿಂತಿತು. ನಾಲ್ಕು ಹೊಡೆದ ಮೇಲೆ ಬಾವಾಕುಂಞಿ ಒಂದೊಂದನ್ನೇ ವಾಲಿಸಿದ. ಹನ್ನೆರಡರಲ್ಲಿ ಒಂದೂ ಕುಲುಕಲಿಲ್ಲ.

"ಗ್ಯಾಸ್ ಎಲ್ಲಿ ಮಾರಿದ್ದು ನೀನು?"

"ಅಲ್ಲಾಹನಾಣೆ ಮುಟ್ಲಿಲ್ಲ ಬಾವಾಕ. ಒಮ್ಮೆ ತೂಕ ಮಾಡಿ ನೋಡಿ."

"ನನಗೆ ಕಲಿಸ್ಲಿಕ್ಕೆ ಬರ್ಬೇಡ."

ಸಂಜೆಯೊಳಗೆ ವಿಷಯ ಕಫೀಲನವರೆಗೆ, ಅಂದರೆ ವೀಸಾ ಕೊಟ್ಟ ಅರಬಿ ಧಣಿಯವರೆಗೆ ಹೋಯಿತು. ಅವನು ಒಂದೇ ಮಾತಿನಲ್ಲಿ "ಖಲಾಸ್" ಎಂದ. ಶಾಹುಲ್‌ನ ವಾಸದ ಪರವಾನಗಿ ಇಕಾಮಾವನ್ನು ರದ್ದು ಮಾಡುವ ಕಾಗದ ತಯಾರಾಯಿತು, ಶುಕ್ರವಾರಕ್ಕೆ ಊರಿನ ಟಿಕೆಟೂ ಆಯಿತು. ಸಿಲಿಂಡರುಗಳನ್ನು ಸಾಕ್ಷಿಗೆಂದು ಎಸಿ ಇರುವ ಒಳಕೋಣೆಯಲ್ಲಿಟ್ಟು ಬೀಗ ಹಾಕಿದರು.

ಗುರುವಾರ ಬೆಳಿಗ್ಗೆ, ಜಾಗ ಮಾಡಲೆಂದು ಬಾವಾಕುಂಞಿ ಅವುಗಳಲ್ಲೊಂದನ್ನು ವಾಲಿಸಿ ಸರಿಸಿದ. ಒಳಗೆ ಕುಳುಕ್ಕೆಂದಿತು. ಇನ್ನೊಂದನ್ನು ವಾಲಿಸಿದ, ಅದೂ. ಹನ್ನೆರಡೂ ಹಾಗೆಯೇ. ನಡುವೆ ಯಾರೂ ಒಳಗೆ ಬಂದು ತುಂಬಿಸಿರಲು ಸಾಧ್ಯವಿರಲಿಲ್ಲ. ಬೀಗದ ಕೈ ಇದ್ದದ್ದು ಅವನ ಜೇಬಿನಲ್ಲೇ.

ಆಫೀಸಿನಲ್ಲಿ ಬಿಲ್ಲು ಮಾಡುವ ಇನೆಜ್ ಮಂಗಳೂರಿನಲ್ಲಿ ಕೆಮಿಸ್ಟ್ರಿ ಓದಿದವಳು. ಅವಳನ್ನು ಕರೆದು ತೋರಿಸಿದ.

"ಒತ್ತಿ ತುಂಬಿಸಿದ್ರೆ ಗ್ಯಾಸ್ ನೀರಿನ ಹಾಗೆ ಆಗ್ತದೆ, ಅದು ಸರಿ ಬಾವಾಕ," ಎಂದಳು ಇನೆಜ್. "ಆದ್ರೆ ಪ್ರತಿಯೊಂದು ಗ್ಯಾಸಿಗೂ ಬಿಸಿಯದ್ದೊಂದು ಗಡಿ ಉಂಟು. ಇದಕ್ಕೆ ಮೂವತ್ತೊಂದು ಡಿಗ್ರಿ. ಅದು ದಾಟಿದ ಮೇಲೆ ಎಷ್ಟು ಒತ್ತಿದ್ರೂ ನೀರಾಗುದಿಲ್ಲ. ಮೊನ್ನೆ ಹೊರಗೆ ನಲ್ವತ್ತೆಂಟು ಇತ್ತು. ಗ್ಯಾಸ್ ಪೂರ್ತಿ ಒಳಗೇ ಇತ್ತು, ಕುಲುಕ್ಲಿಕ್ಕೆ ನೀರು ಇರ್ಲಿಲ್ಲ, ಅಷ್ಟೆ. ಇಲ್ಲಿ ತಣ್ಣಗಾಯ್ತು, ಪುನಃ ನೀರಾಯ್ತು. ತೂಕ ಮಾತ್ರ ಆಗ್ಲೂ ಅಷ್ಟೇ, ಈಗ್ಲೂ ಅಷ್ಟೇ."

ಬಾವಾಕುಂಞಿ ತಕ್ಕಡಿಯ ಧೂಳು ಒರೆಸಿದ. ಹನ್ನೆರಡೂ ಭರ್ತಿ ಇದ್ದವು.

ಸುಮ್ಮನಿದ್ದುಬಿಡಬಹುದಿತ್ತು. ಇನ್ನೊಂದು ದಿನ ಕಳೆದರೆ ಡ್ರೈವರು ಊರು ಸೇರುತ್ತಿದ್ದ, ಹೆಸರು ಉಳಿಯುತ್ತಿತ್ತು. ಆ ಯೋಚನೆ ಅವನಿಗೆ ಬರಲಿಲ್ಲ ಎಂದರೆ ಸುಳ್ಳಾದೀತು. ಒಂದು ಚಹಾ ಕುಡಿದು ಮುಗಿಸುವಷ್ಟು ಹೊತ್ತು ಅದು ತಲೆಯಲ್ಲಿ ಕೂತಿತ್ತು. ಆಮೇಲೆ ಎದ್ದು ಕಫೀಲನ ಬಳಿಗೆ ಹೋಗಿ, ತಪ್ಪು ತನ್ನದು ಎಂದ. ಕಫೀಲ್ ಕಾಗದ ಹರಿದ. ಇನ್ನು ಮೇಲೆ ತೂಗದೆ ಒಂದು ಸಿಲಿಂಡರೂ ಒಳಗೆ ಬರಬಾರದು ಎಂದು ಎಲ್ಲರ ಮುಂದೆ ಹೇಳಿದ. ಬಾವಾಕುಂಞಿ ತಲೆ ತಗ್ಗಿಸಿ ಕೇಳಿಸಿಕೊಂಡ.

ಶಾಹುಲ್ ರೂಮಿನಲ್ಲಿ ಬಟ್ಟೆ ಮಡಚುತ್ತಿದ್ದ. ಬಾವಾಕುಂಞಿ ಎಲ್ಲವನ್ನೂ ಹೇಳಿ, "ಮಾಫ್ ಮಾಡು ಮಾರಾಯ, ನೀನು ಹೋಗ್ಬೇಕಾಗಿಲ್ಲ" ಎಂದ.

ಶಾಹುಲ್ ಅವನ ಮುಖ ನೋಡಲಿಲ್ಲ. "ಮೊನ್ನೆ ಅಬ್ಬನಿಗೆ ಫೋನ್ ಮಾಡಿದ್ದೆ. ನಾನು ಕದಿಲಿಲ್ಲ ಅಂತ ಅತ್ತೆ. ಬಾವಾಕುಂಞಿ ಹೇಳಿದ ಮೇಲೆ ಮುಗೀತಲ್ಲ ಅಂತ ಅಬ್ಬ ಫೋನ್ ಇಟ್ಟುಬಿಟ್ರು. ಈಗ ನೀವೇ ಹೇಳಿ." ಅಬ್ಬನ ನಂಬರು ಒತ್ತಿ ಫೋನನ್ನು ಬಾವಾಕುಂಞಿಯ ಕೈಗೆ ಕೊಟ್ಟ.

ಬಾವಾಕುಂಞಿ ಸಲಾಂ ಹೇಳಿ ಹೆಸರು ಹೇಳಿದ. ಮುಂದಿನ ಮಾತು ಬಾಯಿಂದ ಹೊರಡುವ ಮೊದಲೇ ಆಚೆಯಿಂದ ಮುದುಕನ ಸ್ವರ ಬಂತು.

"ಬಾವಾ, ನನ್ನ ಮಗನಿಂದ ನಿನ್ನ ಮರ್ಯಾದೆ ಹೋಯ್ತು. ಅವನ ಪರವಾಗಿ ನಾನು ಮಾಫಿ ಕೇಳ್ತೇನೆ."