ಮೊದಲ ಬಿಲ್ಲೆಯ ಲೇಪ ಕಿತ್ತುಬಂದದ್ದು

ಮೊಮ್ಮಕ್ಕಳೇ, ನಿಮ್ಮ ಅವ್ವ ಒಂಬತ್ತನೆಯ ತರಗತಿ ಓದುತ್ತಿದ್ದ ವರ್ಷ ನಾನು ರಾಯಚೂರಿನ ಒಂದು ಥರ್ಮಲ್ ಸ್ಪ್ರೇ ವರ್ಕ್‌ಶಾಪಿನಲ್ಲಿ ಹೆಲ್ಪರ್ ಆಗಿದ್ದೆ. ನಿಮ್ಮ ತಾತ ತೀರಿಕೊಂಡು ಎರಡು ವರ್ಷವಾಗಿತ್ತು. ನಾನು ದೇವದುರ್ಗದ ಕಡೆಯ ಹಳ್ಳಿಯಲ್ಲಿ ಏಳನೆಯ ತರಗತಿವರೆಗೆ ಓದಿದವಳು. ನಾಲ್ಕು ಜನರ ಮುಂದೆ ಮಾತಾಡಬೇಕೆಂದರೆ ಗಂಟಲು ಒಣಗುತ್ತಿತ್ತು. ಈಗಲೂ ಹಾಗೆಯೇ, ಅದಕ್ಕೇ ಬರೆಯುತ್ತಿದ್ದೇನೆ.

ಅಕ್ಕಿ ಗಿರಣಿಯದೋ ಪಂಪಿನದೋ ಶಾಫ್ಟು ಸವೆದರೆ ಎಸೆಯಬೇಕಾಗಿಲ್ಲ. ಲೋಹದ ಪುಡಿಯನ್ನು ಸ್ಪ್ರೇ ಗನ್ನಿನ ಉರಿಯಲ್ಲಿ ಕರಗಿಸಿ ಸವೆದ ಜಾಗಕ್ಕೆ ರಭಸದಿಂದ ಊದಿದರೆ ಹೊಸ ಪದರ ಕೂರುತ್ತದೆ. ಅದನ್ನೇ ಕೋಟಿಂಗ್ ಎನ್ನುತ್ತಾರೆ. ಅದು ಕಚ್ಚಿಕೊಳ್ಳಲು ಮೊದಲು ಗಟ್ಟಿ ಹರಳಿನ ಪುಡಿ ಹೊಡೆದು ಲೋಹವನ್ನು ಒರಟು ಮಾಡಬೇಕು. ಆ ಬ್ಲಾಸ್ಟಿಂಗ್ ನನ್ನ ಕೆಲಸವಾಗಿತ್ತು. ಗನ್ ಹಿಡಿಯುತ್ತಿದ್ದವರು ಮಾನ್ವಿಯ ಮಹಬೂಬಣ್ಣ. ಬ್ಲಾಸ್ಟ್ ಆದದ್ದನ್ನು ಗ್ಲೌಸ್ ಹಾಕಿಕೊಂಡೇ ಹಿಡಿಯಬೇಕು ಎಂದು ಮೊದಲ ದಿನವೇ ಹೇಳಿಕೊಟ್ಟವರೂ ಅವರೇ. ಕೈ ತರಚೀತೆಂದು ಹೇಳಿದರೆಂದು ನಾನು ತಿಳಿದುಕೊಂಡಿದ್ದೆ.

ಆ ವರ್ಷ ಅಂಜಲಿ ಮೇಡಂ ಎಂಬ ಎಂಜಿನಿಯರು ಬಂದರು. ಗನ್ ಎಷ್ಟು ದೂರ, ಉರಿ ಎಷ್ಟು ಬಿಸಿ, ಪುಡಿಯ ವೇಗ ಎಷ್ಟು ಎಂದು ಕಂಪ್ಯೂಟರಿಗೆ ಕೊಟ್ಟು, ಕೋಟಿಂಗ್ ಎಷ್ಟು ಗಟ್ಟಿ ಹಿಡಿಯುತ್ತದೆಂದು ಮೊದಲೇ ಲೆಕ್ಕ ಹಾಕುತ್ತಿದ್ದರು. ಅದಕ್ಕೆ ಮಾಡೆಲ್ ಎಂದು ಹೆಸರು. ಲೆಕ್ಕ ಸರಿಯೋ ಅಲ್ಲವೋ ನೋಡಲು ಟೆಸ್ಟ್ ಇತ್ತು. ರೂಪಾಯಿಗಿಂತ ಸ್ವಲ್ಪ ದೊಡ್ಡ ಉಕ್ಕಿನ ಬಿಲ್ಲೆಗಳು ಐದು. ಒಂದಾದ ಮೇಲೊಂದಕ್ಕೆ ಕೋಟಿಂಗ್ ಹೊಡೆದು, ಅದರ ಮೇಲೆ ಗಟ್ಟಿ ಅಂಟಿನಿಂದ ಅಷ್ಟೇ ಅಗಲದ ಕಬ್ಬಿಣದ ತುಂಡು ಕೂರಿಸಿ, ಕಿತ್ತುಬರುವವರೆಗೂ ಮಷೀನಿನಲ್ಲಿ ಎಳೆಯುವುದು.

ಮಾಡೆಲ್ ಮೂವತ್ತು ಮೆಗಾಪಾಸ್ಕಲ್ ಎಂದಿತ್ತು, ಅದು ಎಳೆತದ ಅಳತೆ. ನಾಲ್ಕು ಬಿಲ್ಲೆಗಳು ಅದರ ಆಸುಪಾಸಿನಲ್ಲೇ ಕಿತ್ತುಬಂದವು. ಮೊದಲನೆಯದು ಮಾತ್ರ ಹದಿನಾರಕ್ಕೆ ಬಿಟ್ಟುಬಿಟ್ಟಿತು. ಎರಡನೆಯ ಸಲವೂ ಹಾಗೆಯೇ, ಮೂರನೆಯ ಸಲವೂ ಹಾಗೆಯೇ.

ಮಾಲಕರು ಗನ್ನಿನ ಹತ್ತಿರ ಬಂದು ನಿಂತರು. "ಮಹಬೂಬ, ಉರಿ ಸರಿಯಾಗಿ ಕಾಯೋಕಿಂತ ಮೊದಲೇ ಹೊಡಿಯಾಕ ಶುರು ಮಾಡ್ತಿ. ಅದಕ್ಕ ಮೊದಲನೇದು ಹಾಳಾಗತೈತಿ."

"ಇಲ್ರಿ ಸಾಬ್. ಉರಿ ಹದಕ್ಕ ಬರೋತನಕ ನಾನೂ ನಿಂತಿರ್ತೀನಿ."

"ವಯಸ್ಸಾತು ನಿನಗ. ಸೋಮವಾರದಿಂದ ಗನ್ ಬ್ಯಾರೆಯವ್ರು ಹಿಡೀತಾರ. ನೀನು ಸಾಮಾನಿನ ಕೋಣಿ ನೋಡ್ಕೋ."

ಮಹಬೂಬಣ್ಣ ಗನ್ನಿನ ಮೂತಿಯನ್ನು ಒರೆಸಿದ್ದನ್ನೇ ಮತ್ತೆ ಒರೆಸುತ್ತಾ ಕುಳಿತರು. ಊಟಕ್ಕೂ ಏಳಲಿಲ್ಲ.

ಮಧ್ಯಾಹ್ನ ಟೇಬಲ್ ಒರೆಸುವಾಗ ಕಿತ್ತುಬಂದ ಬಿಲ್ಲೆಗಳು ಕಣ್ಣಿಗೆ ಬಿದ್ದವು. ಉಳಿದವುಗಳ ಮೇಲೆ ಕೋಟಿಂಗಿನ ಚೂರುಗಳು ಅಲ್ಲಲ್ಲಿ ಕಚ್ಚಿಕೊಂಡೇ ಇದ್ದವು. ಮೂರೂ ಸಲದ ಮೊದಲ ಬಿಲ್ಲೆಯಲ್ಲಿ ಮಾತ್ರ ನಡುವೆ ಒಂದು ಜಾಗ ನುಣ್ಣಗೆ ಬೋಳಾಗಿತ್ತು. ಉದ್ದುದ್ದ, ಅಂಚು ದುಂಡಗೆ. ನನ್ನ ಹೆಬ್ಬೆರಳನ್ನು ಅದರ ಮೇಲಿಟ್ಟೆ. ಸರಿಯಾಗಿ ಕೂತಿತು.

ಯಾವ ಕೆಲಸವಾದರೂ ಬೋಣಿಯ ಮೊದಲ ವಸ್ತುವನ್ನು ಕಣ್ಣಿಗೆ ಒತ್ತಿಕೊಂಡೇ ಶುರು ಮಾಡುವುದು ನನ್ನ ರೂಢಿ. ತೊಗಲಿನ ಗ್ಲೌಸಿನಲ್ಲಿ ನಮಸ್ಕಾರ ಮಾಡಬಾರದೆಂದು ಅದನ್ನು ತೆಗೆದು, ಬರಿಗೈಯಲ್ಲಿ ಮೊದಲ ಬಿಲ್ಲೆ ಹಿಡಿದು, ಎರಡೂ ಕಣ್ಣಿಗೆ ಒತ್ತಿಕೊಂಡು, ಆಮೇಲೆ ಮಹಬೂಬಣ್ಣನ ಮುಂದೆ ಇಡುತ್ತಿದ್ದೆ. ಬೆಳಿಗ್ಗೆ ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಬೆರಳಲ್ಲೂ ಇರುತ್ತಿತ್ತು, ಹಣೆಯಲ್ಲೂ ಇರುತ್ತಿತ್ತು. ಆ ಎಣ್ಣೆ ತಾಗಿದ ಜಾಗದಲ್ಲಿ ಕೋಟಿಂಗ್ ಕಚ್ಚಿಕೊಂಡಿರಲಿಲ್ಲ.

ಹೇಳಿದರೆ ನನ್ನ ಕೆಲಸ ಹೋಗುತ್ತದೆ, ನಿಮ್ಮ ಅವ್ವನ ಓದು ನಿಲ್ಲುತ್ತದೆ ಎಂದು ಹೆದರಿಕೆಯಾಯಿತು. ಸಂಜೆವರೆಗೂ ಸುಮ್ಮನಿದ್ದೆ. ಅದನ್ನು ಮುಚ್ಚಿಡದೆ ನಿಮಗೆ ಹೇಳುತ್ತಿದ್ದೇನೆ. ಮನೆಗೆ ಹೊರಟ ಮಹಬೂಬಣ್ಣ ಗೂಟಕ್ಕೆ ತೂಗುಹಾಕಿದ್ದ, ಗನ್ ಹೊಡೆಯುವಾಗ ಹಾಕುವ ತಮ್ಮ ಕಪ್ಪು ಕನ್ನಡಕವನ್ನು ತೆಗೆದುಕೊಂಡು, ಒಂದು ಗಳಿಗೆ ನೋಡಿ, ಅಲ್ಲೇ ತೂಗುಹಾಕಿದರು. ಆಗ ನನ್ನಿಂದ ತಡೆಯಲಾಗಲಿಲ್ಲ. ಮೇಡಂ ಟೇಬಲ್ಲಿಗೆ ಹೋದೆ. ಬಿಲ್ಲೆಯ ಮೇಲೆ ಹೆಬ್ಬೆರಳಿಟ್ಟು ತೋರಿಸಿದೆ.

"ಏನು ಯವ್ವಾ ಇದು?"

"ತಪ್ಪು ನಂದ್ರಿ. ಮಹಬೂಬಣ್ಣಂದಲ್ಲ." ಉಳಿದದ್ದನ್ನೆಲ್ಲ ನೆಲ ನೋಡುತ್ತಲೇ ಹೇಳಿದೆ.

ಮೇಡಂ ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನಕ್ಕರು. "ನನ್ನ ಕಂಪ್ಯೂಟರಿಗೆ ಎಲ್ಲಾ ಹೇಳಿದ್ದೆ ಯವ್ವಾ. ನೀವು ಕಣ್ಣಿಗೆ ಒತ್ಕೊಳ್ಳೋದು ಒಂದು ಹೇಳಿರಲಿಲ್ಲ ನೋಡ್ರಿ."

ಆದರೂ ಅವರು ನನ್ನ ಮಾತನ್ನೇ ನಂಬಿ ಕೂರಲಿಲ್ಲ. ಮರುದಿನ ಮತ್ತೆ ಐದು ಬಿಲ್ಲೆ. ಮೊದಲನೆಯದನ್ನು ಬರಿಗೈಯಲ್ಲಿ ಮುಟ್ಟದೆ ಇಟ್ಟೆ. ಅವರು ಹೇಳಿದಂತೆ ನಾಲ್ಕನೆಯದನ್ನು ಕಣ್ಣಿಗೆ ಒತ್ತಿಕೊಂಡೆ. ಯಾವುದನ್ನು ಮುಟ್ಟಿದ್ದೆನೆಂದು ಮಹಬೂಬಣ್ಣನಿಗೂ ಹೇಳಿರಲಿಲ್ಲ. ಅಂಟು ಒಣಗಲು ಒಂದು ದಿನ ಕಾದು, ಶನಿವಾರ ಮಾಲಕರ ಎದುರಿನಲ್ಲೇ ಎಳೆದರು. ಮೊದಲನೆಯದು ಮೂವತ್ತೊಂದು. ನಾಲ್ಕನೆಯದು ಹದಿನೈದು.

ಮಾಲಕರು ಗೂಟದಿಂದ ಕನ್ನಡಕ ತೆಗೆದು ತಾವೇ ಮಹಬೂಬಣ್ಣನ ಕೈಗೆ ಕೊಟ್ಟರು. ನನ್ನನ್ನೂ ಬಿಡಿಸಲಿಲ್ಲ. ನಾನು ಮಹಬೂಬಣ್ಣನ ಮುಂದೆ ತಲೆ ತಗ್ಗಿಸಿ ನಿಂತೆ.

"ತಂಗಿ, ಹದಿನಾಲ್ಕು ವರ್ಷ ಆತು ಗನ್ ಹಿಡಿದು," ಎಂದರು. "ಗ್ಲೌಸ್ ಹಾಕ್ಕೋ ಅಂತ ಎಲ್ಲಾರಿಗೂ ಹೇಳೀನಿ. ಯಾಕಂತ ಒಬ್ರಿಗೂ ಹೇಳಿಲ್ಲ. ಅರ್ಧ ತಪ್ಪು ನನಗ ಕೊಡು."

ಹೊಸಬರು ಕೆಲಸಕ್ಕೆ ಬಂದಾಗ ಗ್ಲೌಸ್ ಕೊಡುವ ಮೊದಲು ಅದು ಯಾಕೆಂದು ಹೇಳುವ ಕೆಲಸವನ್ನು ಅವರು ನನಗೇ ವಹಿಸಿದರು. ನಾಚಿಕೆಯಾದರೂ ಹೇಳುತ್ತಿದ್ದೆ. ನಮಗೆ ಮಾತ್ರ ಗೊತ್ತಿರುವುದನ್ನು ನಾವು ಹೇಳದಿದ್ದರೆ ಅದರ ಭಾರ ಪಕ್ಕದವರ ಹೆಗಲಿಗೆ ಹೋಗುತ್ತದೆ. ಆ ಕೆಲಸ ನನಗೆ ಕಲಿಸಿದ್ದು ಇದು. ಗಂಟಲು ಒಣಗಿದರೂ ಹೇಳಿಬಿಡಿ, ಮಕ್ಕಳೇ.