ಸುಂಕದವನು ಬರಲಿಲ್ಲ

ಅಮೋಸ್ ಪೈಬಸ್‌ನ ಅಂಗಡಿಯಲ್ಲಿ ಮೊಳೆ, ಸೀಮೆಎಣ್ಣೆ, ಇಲಿಬೋನು, ಹಗ್ಗ ಎಲ್ಲವೂ ಸಿಗುತ್ತಿದ್ದವು. ಅಮೋಸ್ ಮಾತ್ರ ಸಿಗುತ್ತಿರಲಿಲ್ಲ. ಗಿರಾಕಿ ಗಂಟೆ ಬಾರಿಸಿ ಬಾರಿಸಿ ಸುಸ್ತಾದ ಮೇಲೆ ಹಿತ್ತಲ ಶೆಡ್ಡಿನಿಂದ ಬೆರಳಿಗೆ ಮೆತ್ತಿದ ಮೈದಾ ಅಂಟನ್ನು ಒರೆಸಿಕೊಳ್ಳುತ್ತ ಬರುತ್ತಿದ್ದ. ಯಾರ್ಕ್‌ಶೈರಿನ ನಮ್ಮ ಕಣಿವೆಯಲ್ಲಿ ಕುರಿಯ ಹುಚ್ಚು, ಕುಡಿತದ ಹುಚ್ಚು, ಪಾರಿವಾಳದ ಹುಚ್ಚು ಇದ್ದವರೆಲ್ಲ ಇದ್ದರು. ಅಮೋಸ್‌ನಿಗೆ ಇದ್ದದ್ದು ಇಸ್ಪೀಟಿನ ಎಕ್ಕದ ಹುಚ್ಚು.

ಆಟ ಅವನಿಗೆ ಬರುತ್ತಿರಲಿಲ್ಲ. ರಾಜ, ರಾಣಿ, ಗುಲಾಮರ ಮುಖವನ್ನು ಅವನು ತಿರುಗಿಯೂ ನೋಡುತ್ತಿರಲಿಲ್ಲ. ಹಿಂದಿನ ಕಾಲದಲ್ಲಿ ಅರಮನೆಯವರು ಇಸ್ಪೀಟೆಲೆಯ ಮೇಲೂ ಸುಂಕ ಹಾಕಿದ್ದರು. ಆ ಸುಂಕದ ಗುರುತು ಬೀಳುತ್ತಿದ್ದುದು ನಾಲ್ಕು ಎಕ್ಕಗಳಲ್ಲಿ ಕಪ್ಪು ಇಸ್ಪೀಟಿನ ಎಕ್ಕದ ಮೇಲೆ ಮಾತ್ರ. ಉಳಿದ ಎಲೆಗಳನ್ನು ಅಚ್ಚಿನವನು ಹಾಕಿಕೊಳ್ಳಬಹುದು, ಎಕ್ಕವನ್ನು ಮಾತ್ರ ಸರ್ಕಾರವೇ ಅಚ್ಚು ಹಾಕಿ ಕೊಡುತ್ತಿತ್ತು. ಖೊಟ್ಟಿ ಎಕ್ಕ ಮಾಡಿದವನನ್ನು ಲಂಡನ್ನಿನಲ್ಲಿ ಗಲ್ಲಿಗೇರಿಸಿದ್ದೂ ಉಂಟು. ಈ ಗಲ್ಲಿನ ಕತೆಯನ್ನು ಅಮೋಸ್ ಒಂದು ಹಿಡಿ ಮೊಳೆ ಕೊಳ್ಳಲು ಬಂದವರಿಗೂ ಬಿಡದೆ ಹೇಳುತ್ತಿದ್ದ. ಅವನ ಕಣ್ಮಣಿ ಎಂದರೆ 'ಗುಂಗುರಜ್ಜ'. ಮೈತುಂಬ ಗುಂಗುರು ಗುಂಗುರು ಗೆರೆಗಳಿದ್ದು, ಒಂದು ಶಿಲಿಂಗ್ ಸುಂಕ ಎಂದು ಬರೆದಿದ್ದ ಎಕ್ಕಕ್ಕೆ ಆ ಹವ್ಯಾಸದವರು ಇಟ್ಟ ಹೆಸರು ಅದು.

ಹಳೆಯ ಕಟ್ಟು ಕೈಗೆ ಸಿಕ್ಕರೆ ಸಾಕು, ಎಕ್ಕವನ್ನು ತೆಗೆದು ಆಲ್ಬಮ್ಮಿಗೆ ಅಂಟಿಸಿಬಿಡುತ್ತಿದ್ದ. ಉಳಿದದ್ದು ಅವನ ಲೆಕ್ಕಕ್ಕೆ ಬೋಳು ಕಟ್ಟು. ದಾರ ಸುತ್ತಿ ಬಿಸ್ಕತ್ತಿನ ಡಬ್ಬಿಗೆ ಎಸೆಯುತ್ತಿದ್ದ. ಲೀಡ್ಸಿನ ಒಬ್ಬ ಸಂಗ್ರಾಹಕ ಅದನ್ನು ನೋಡಿ ತಲೆ ಚಚ್ಚಿಕೊಂಡಿದ್ದ. "ಕಟ್ಟು ಒಡೆಯೋದು ಅಂದ್ರೆ ಸಂಸಾರ ಒಡೆದ ಹಾಗೆ ಕಣಯ್ಯ. ಅಂಟಿಸ್ತೀಯ ಬೇರೆ! ನಿನ್ನ ಕೈ ಸೇದಿಹೋಗ!" ಅಮೋಸ್ ನಕ್ಕು ಮುಂದಿನ ಎಕ್ಕಕ್ಕೆ ಅಂಟು ಹಚ್ಚಿದ್ದ.

ಇದೆಲ್ಲ ಶೆಡ್ಡಿನಲ್ಲೇ ನಡೆಯಬೇಕಾಗಿತ್ತು. ಹೆಂಡತಿ ಡಾರ್ಕಸ್, ಕುಡಿತ ಇಸ್ಪೀಟು ಎಲ್ಲ ಪಾಪವೆನ್ನುವ ಕಟ್ಟಾ ಮೆಥಡಿಸ್ಟ್ ಚಾಪೆಲ್ಲಿನವಳು. ಮದುವೆಯಾದ ವಾರವೇ ಖಡಾಖಂಡಿತವಾಗಿ ಹೇಳಿದ್ದಳು, "ದೆವ್ವದ ಚಿತ್ರಗಳು ನನ್ನ ಹೊಸಿಲು ದಾಟಬಾರದು, ಅಮೋಸ್. ಹಿತ್ತಲಲ್ಲಿ ನೀನು ಏನಾದರೂ ಮಾಡ್ಕೋ." ಹೇಳುವಾಗ ಅವಳ ತುಟಿ ಯಾಕೆ ನಡುಗಿತೆಂದು ಅವನು ಕೇಳಲಿಲ್ಲ. ನಲವತ್ತು ವರ್ಷ ಕೇಳಲೇ ಇಲ್ಲ. ನೂರು ವರ್ಷದ ಹಿಂದಿನ ಸುಂಕದ ವಿಷಯ ನಾಲಿಗೆಯ ತುದಿಯಲ್ಲಿದ್ದವನಿಗೆ ಮಗ್ಗುಲಲ್ಲಿ ಮಲಗಿದವಳ ವಿಷಯ ಗೊತ್ತಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇಂಥವರಿಗೇ.

ಅಂಗಡಿ ಮುಚ್ಚಿದ ಕೆಲವು ವರ್ಷಕ್ಕೆ ಡಾರ್ಕಸ್‌ಳ ನೆನಪು ಕಲಸಿಹೋಗತೊಡಗಿತು. ಭಾನುವಾರವೆಂದುಕೊಂಡು ಮಂಗಳವಾರ ಹ್ಯಾಟು ತೊಟ್ಟು ಚಾಪೆಲ್ಲಿನ ಮುಚ್ಚಿದ ಬಾಗಿಲ ಮುಂದೆ ನಿಂತಿರುತ್ತಿದ್ದಳು. ಖಾಲಿ ಕೆಟಲನ್ನು ಗ್ಯಾಸಿನ ಮೇಲಿಟ್ಟು ಮರೆಯುತ್ತಿದ್ದಳು. ಎಲ್ಲಕ್ಕಿಂತ ಕಷ್ಟವಾದದ್ದು ಅವಳ ಕೈ. ಅದಕ್ಕೆ ಬಿಡುವೇ ಇರಲಿಲ್ಲ. ಸ್ವೆಟರಿನ ನೂಲು ಎಳೆದೆಳೆದು ತೋಳೆಲ್ಲ ಬಿಚ್ಚಿಹೋಗಿತ್ತು. ಡಾಕ್ಟರು, ಬೆಟ್ಟದಾಚೆ ಬುದ್ಧಿ ಕೆಟ್ಟವರಿಗೆಂದೇ ಇದ್ದ ದೊಡ್ಡ ಆಸ್ಪತ್ರೆಗೆ ಸೇರಿಸಿಬಿಡಿ ಎಂದರು. ಅಲ್ಲಿಗೆ ಹೋದವರು ತಿರುಗಿ ಬಂದದ್ದನ್ನು ನಾವ್ಯಾರೂ ನೋಡಿಲ್ಲ. ಅಮೋಸ್ ಮೊದಲ ಸಲ ಡಾಕ್ಟರಿಗೆ ಎದುರು ಮಾತಾಡಿದ. "ಅವಳು ಮನೇಲೇ ಇರ್ತಾಳೆ. ಸಾಯೋದಾದರೂ ಅವಳ ಹಾಸಿಗೇಲೇ." ಹೆಂಡತಿಯ ಮೇಲೆ ಪ್ರೀತಿ ಇರಲಿಲ್ಲ ಎಂದು ಅವನನ್ನು ಯಾರೂ ಅನ್ನುವ ಹಾಗಿಲ್ಲ.

ಶರತ್ಕಾಲದ ಒಂದು ಬೆಳಗ್ಗೆ ಅವಳು ತಾನಾಗಿಯೇ ಶೆಡ್ಡಿಗೆ ಬಂದಳು. ಡಬ್ಬಿಯೊಳಗೆ ಕೈ ಹಾಕಿ ಒಂದು ಕಟ್ಟು ತೆಗೆದಳು. ಎಲೆಗಳ ಬೆನ್ನ ಮೇಲೆಲ್ಲ ನೀಲಿ ಹೂವಿದ್ದ ಕಟ್ಟು. ಒಳಗೆ ಹೋಗಿ ಅಡಿಗೆಮನೆಯ ಮೇಜಿನ ಮೇಲೆ ಎಲೆಗಳನ್ನು ಕಲಸಿ ಸಾಲು ಸಾಲಾಗಿ ಹಾಸತೊಡಗಿದಳು. ಒಬ್ಬರೇ ಕೂತು ಆಡುವ ಆಟ. ನೂಲೆಳೆಯುತ್ತಿದ್ದ ಬೆರಳುಗಳು ಈಗ ತಡಬಡಿಸಲಿಲ್ಲ.

ಹಿಂದೆಯೇ ಬಂದ ಅಮೋಸ್ ಮೇಜಿನ ಮೇಲೆ ಬಗ್ಗಿದ. "ಎಲ್ಲಿ ಕಲಿತೆಯೇ ಹುಡುಗಿ ಇದನ್ನ?"

"ಅಪ್ಪ ಕಲಿಸಿದ್ದು. ಬೆಳಕಿಗೆ ಅಡ್ಡ ನಿಲ್ಲಬೇಡ."

ಅವನಿಗೆ ಬದುಕಿದೆಯಾ ಬಡಜೀವ ಎನಿಸಿತು. ಕೈಗೆ ಕೆಲಸ ಸಿಕ್ಕಿತಲ್ಲ! ಪಕ್ಕದ ಮನೆಯ ನೆಲ್ಲಿ ಸಟಲ್ ಬಂದು, "ಚಾಪೆಲ್ಲಿನವರು ನೋಡಿದರೆ ಹಾರ್ಮೋನಿಯಂ ಬಿಟ್ಟು ಓಡ್ತಾರೆ," ಎಂದು ನಕ್ಕಳು. ಆ ಕಟ್ಟಿನಲ್ಲಿ ಇಸ್ಪೀಟಿನ ಎಕ್ಕವಿಲ್ಲ ಎಂಬುದು ಅಮೋಸ್‌ನ ತಲೆಗೇ ಬರಲಿಲ್ಲ. ಅವನ ಕಣ್ಣಿಗೆ ಅವಳು ಬಣ್ಣದ ಚೂರು ಜೋಡಿಸುವ ಮಗು. ಬುದ್ಧಿ ಕಲಸಿಹೋದವಳು ಆಡುತ್ತಾಳೆಯೇ, ಆಡಿದಂತೆ ಮಾಡುತ್ತಾಳೆ ಎಂದುಕೊಂಡ. ಅವಳ ಪಕ್ಕದಲ್ಲಿ ಹತ್ತು ನಿಮಿಷ ಕೂತು ನೋಡಿದ್ದರೆ ಸಾಕಿತ್ತು. ನೋಡಲಿಲ್ಲ. ಟೀ ಮಾಡಿಕೊಟ್ಟು ಶೆಡ್ಡಿಗೆ ಹೋದ.

ಅಲ್ಲಿಂದ ಶುರುವಾಯಿತು. ಪ್ರತಿ ದಿನ ಆಟದ ಕೊನೆಗೆ ಅವಳು ತಲೆ ಎತ್ತಿ ಹೇಳುತ್ತಿದ್ದಳು, "ಸುಂಕದವನು ಬರಲಿಲ್ಲ, ಅಮೋಸ್."

"ಯಾವ ಸುಂಕದವನು? ಮನೆ ಕಂದಾಯ ಎಲ್ಲ ಕಟ್ಟಿಯಾಗಿದೆ."

"ಬರಲಿಲ್ಲ. ಅವನು ಬರದೆ ಯಾರೂ ಹೊರಡೋ ಹಾಗಿಲ್ಲ."

ನೆಲ್ಲಿ ಕಂದಾಯದ ರಸೀತಿ ತೋರಿಸಿದಳು. ಅಮೋಸ್ ಬಾಗಿಲಿಗೆ ಅಗುಳಿ ಹಾಕಿ, "ನೋಡು, ಯಾರೂ ಒಳಗೆ ಬರೋಕಾಗಲ್ಲ," ಎಂದ. ಅದಕ್ಕೆ ಅವಳು ಇನ್ನೂ ಗಾಬರಿಯಾದಳು. ಸುಂಕದವನ ಮುಂದೆ ಸುಖ ದುಃಖ ಹೇಳಿಕೊಂಡರೆ ಪ್ರಯೋಜನವಿಲ್ಲ ಎನ್ನುತ್ತಾರೆ. ಇಲ್ಲಿ ಅವಳು ಸುಂಕದವನದೇ ದುಃಖವನ್ನು ಹೇಳಿಕೊಂಡಳು, ಸುಂಕದ ಚರಿತ್ರೆಯನ್ನೆಲ್ಲ ಅರೆದು ಕುಡಿದ ಗಂಡನಿಗೆ ಅರ್ಥವಾಗಲಿಲ್ಲ.

ಡಿಸೆಂಬರ್ ಹೊತ್ತಿಗೆ ಕೇಳಿ ಕೇಳಿ ರೋಸಿಹೋಗಿ ಅವನೊಂದು ಸುಳ್ಳು ಹೇಳಿದ. "ಬಂದಿದ್ದ ಕಣೇ. ನೀನು ಮಲಗಿದ್ದಾಗ ಬಂದು ಹೋದ."

ಡಾರ್ಕಸ್ ಬಿಳಿಚಿಕೊಂಡಳು. "ಬಂದಿದ್ದನಾ? ಹಾಗಾದರೆ ನಾನೇ ಕಳೆದೆ. ಅಯ್ಯೋ, ಎಲ್ಲಿಟ್ಟೆ ನಾನು?"

ಅಂದಿನಿಂದ ಹುಡುಕಾಟ. ಹಿಟ್ಟಿನ ಡಬ್ಬಿಯಲ್ಲಿ, ಕಲ್ಲಿದ್ದಲ ಬುಟ್ಟಿಯಲ್ಲಿ, ಜಮಖಾನೆಯ ಅಡಿಯಲ್ಲಿ, ಅಮೋಸ್‌ನ ಬೂಟಿನೊಳಗೆ. "ನನ್ನ ಮೇಲೆ ಸಿಟ್ಟಾಗಬೇಡ, ಹುಡುಕಿಕೊಡ್ತೀನಿ," ಎನ್ನುತ್ತಿದ್ದಳು. ಜನವರಿಯ ಹಿಮ ಗಟ್ಟಿಯಾಗಿ ಬಿದ್ದ ಬೆಳಗ್ಗೆ ಹಾಲಿನವನು ಅವಳನ್ನು ಚಾಪೆಲ್ಲಿನ ಗೋಡೆಯ ಬುಡದಲ್ಲಿ ಕಂಡ. ಮನೆಯ ಚಪ್ಪಲಿ, ನೈಟ್‌ಗೌನು. ಬರಿಗೈಯಲ್ಲಿ ಹಿಮ ಕೆದಕುತ್ತಿದ್ದಳು, ಉಗುರುಗಳಲ್ಲಿ ರಕ್ತವಿತ್ತು.

ನ್ಯುಮೋನಿಯಾ ಎಂದರು. ಊರಿನ ಸಣ್ಣ ಆಸ್ಪತ್ರೆಯಲ್ಲೇ ಹಾಸಿಗೆ ಕೊಟ್ಟರು. ಬೆಟ್ಟದಾಚೆಗೆ ಕಳಿಸುವ ಪ್ರಶ್ನೆಯೇ ಉಳಿದಿರಲಿಲ್ಲ. ಹಲ್ ಪಟ್ಟಣದಿಂದ ಅವಳ ತಂಗಿ ಥರ್ಜಾ ಬಸ್ಸು ಬದಲಿಸಿ ಬದಲಿಸಿ ಬಂದಳು. ಅಕ್ಕನ ಹಣೆ ಮುಟ್ಟಿ, ಹೊರಗೆ ಬಂದು ಬೆಂಚಿನ ಮೇಲೆ ಅಮೋಸ್‌ನ ಪಕ್ಕ ಕೂತಳು.

"ಏನಾಯ್ತು ಅವಳಿಗೆ? ಹೊರಗೆ ಯಾಕೆ ಹೋದಳು?"

"ಸುಂಕದವನ ಭಯ. ಸುಂಕದವನು ಬರಲಿಲ್ಲ, ನಾನೇ ಕಳೆದೆ ಅಂತ ಒಂದೇ ಸಮ. ಕಂದಾಯ ಕಟ್ಟಿದೀನಿ ಅಂತ ಎಷ್ಟು ಹೇಳಿದರೂ..."

ಥರ್ಜಾ ಅವನನ್ನೇ ದಿಟ್ಟಿಸಿದಳು. "ಅವಳ ಕೈಗೆ ಇಸ್ಪೀಟು ಯಾರು ಕೊಟ್ಟರು?"

"ಅವಳೇ ತಗೊಂಡಳು. ಯಾಕೆ?"

"ಸುಂಕದವನು ಅಂದ್ರೆ ಇಸ್ಪೀಟಿನ ಎಕ್ಕ ಕಣೋ, ದಡ್ಡ! ನಮ್ಮ ಮನೇಲಿ ಹಾಗೇ ಅಂತಿದ್ದದ್ದು. ಅಜ್ಜನ ಕಾಲದ ಕಟ್ಟು, ಅದರ ಮೇಲೆ ಶಿಲಿಂಗ್ ಸುಂಕ ಅಂತ ಬರೆದಿತ್ತು. 'ಸುಂಕದವನು ಮೊದಲು ಬಂದು ಕೂರಬೇಕು, ಆಮೇಲೆ ಉಳಿದವರಿಗೆ ದಾರಿ' ಅಂತ ಅಪ್ಪ ಹೇಳೋನು. ಅವನಿಲ್ಲದೆ ಆ ಆಟ ಮುಗಿಯೋದೇ ಇಲ್ಲ."

ಅಮೋಸ್ ಬೆರಳ ಸಂದಿನ ಒಣ ಅಂಟನ್ನು ಉಜ್ಜತೊಡಗಿದ.

"ಅಪ್ಪ ಚಾಪೆಲ್ಲಿಗೆ ಸೇರಿದ ದಿನ ಕಟ್ಟನ್ನ ಒಲೆಗೆ ಹಾಕಿದ. ಅದಕ್ಕೆ ಮೊದಲು, ಒಂದು ಎಲೆ ಕಳೆದರೂ ಸಾಕು, ಬೆಲ್ಟು ಬಿಚ್ಚೋನು. ಏಟು ತಿಂದದ್ದೆಲ್ಲ ಡಾರ್ಕಸ್. ನಾನು ಕಳೆದರೂ 'ನಾನೇ ಕಳೆದದ್ದು' ಅಂತ ಅವಳೇ ಮುಂದೆ ಹೋಗಿ ಅಂಗೈ ಚಾಚೋಳು." ಥರ್ಜಾ ಮೂಗು ಒರೆಸಿಕೊಂಡಳು. "ಆ ಕಟ್ಟಲ್ಲಿ ಎಕ್ಕ ಇರಲಿಲ್ವಾ?"

ಅವನು ಎದ್ದ. ಹಿಮದಲ್ಲಿ ಜಾರುತ್ತ, ಏಳುತ್ತ, ಶೆಡ್ಡಿಗೆ ಹೋದ. ಆಲ್ಬಮ್ಮಿನಲ್ಲಿ ನೀಲಿ ಕಟ್ಟಿನ ಗುಂಗುರಜ್ಜ ಎಲ್ಲಿದ್ದಾನೆಂದು ಅವನಿಗೆ ಕಣ್ಣು ಮುಚ್ಚಿ ಗೊತ್ತಿತ್ತು. ನೆನೆಸಿ ನಿಧಾನವಾಗಿ ಬಿಡಿಸಬೇಕಾದದ್ದು. ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಉಗುರು ಹಾಕಿ ಎಳೆದ. ಎಲೆ ಬಂತು. ಅದರ ಬೆನ್ನು, ನೀಲಿ ಹೂವೆಲ್ಲ, ಹಾಳೆಗೇ ಅಂಟಿಕೊಂಡು ಉಳಿಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಬಂದ ಬುದ್ಧಿಯೂ ಅರ್ಧ.

ಡಾರ್ಕಸ್ ಎಚ್ಚರವಾಗಿದ್ದಳು. ಉಸಿರು ಗೊರಗೊರ ಎನ್ನುತ್ತಿತ್ತು. ಅವನು ಎಕ್ಕವನ್ನು ಅವಳ ಬೆರಳ ನಡುವೆ ಇಟ್ಟ.

"ನೋಡೇ ಹುಡುಗಿ. ಬಂದ ಸುಂಕದವನು."

ಅವಳ ಮುಖ ಅರಳಿತು. ತಿಂಗಳುಗಳಿಂದ ಕಾಣದಿದ್ದ ಮುಖ. ಗುಂಗುರು ಗೆರೆಗಳ ಮೇಲೆ ಬೆರಳಾಡಿಸಿದಳು. ಆಮೇಲೆ, ಆಡುವವರು ಎಲ್ಲರೂ ಮಾಡುವಂತೆ, ಎಲೆಯನ್ನು ಮಗುಚಿದಳು. ಹಿಂದೆ ಹರಿದ ಬಿಳಿ ಕಾಗದ ಬಿಟ್ಟರೆ ಏನೂ ಇರಲಿಲ್ಲ.

"ಇದಕ್ಕೆ ಬೆನ್ನೇ ಇಲ್ಲ," ಎಂದಳು. "ನಮ್ಮ ಕಟ್ಟಿಂದಲ್ಲ ಇದು."

"ಅದೇ ಇದು. ನೀನು ಕಳೆದಿಲ್ಲ, ಡಾರ್ಕಸ್. ಯಾವತ್ತೂ ಕಳೆದಿಲ್ಲ. ತೆಗೆದದ್ದು ನಾನು. ಹರಿದದ್ದೂ ನಾನೇ." ಅಮೋಸ್ ಅಳುತ್ತಿದ್ದ, ನರ್ಸು ನೋಡುತ್ತಿದ್ದಾಳೆ ಎಂಬ ಪರಿವೆಯೂ ಇರಲಿಲ್ಲ. "ಕೇಳಿಸ್ತಾ? ತಪ್ಪೆಲ್ಲ ನಂದು."

ಡಾರ್ಕಸ್ ಬಾಗಿಲ ಕಡೆ ಹೆದರಿ ನೋಡಿದಳು. ಎಕ್ಕವನ್ನು ಅವನ ಕೋಟಿನ ತೋಳಿನೊಳಗೆ ತುರುಕಿ, ಮೇಲಿಂದ ತಟ್ಟಿ, ಅವನ ಬಾಯಿಯ ಮೇಲೆ ಬೆರಳಿಟ್ಟಳು.

"ಶ್! ಮೆಲ್ಲಗೆ. ಅಪ್ಪ ಕೇಳಿಸಿಕೊಂಡಾನು. ನೀನು ಸುಮ್ಮನಿರು, ನಾನೇ ಕಳೆದದ್ದು ಅಂತೀನಿ. ನನಗೆ ಅಭ್ಯಾಸ ಇದೆ."

ಹಾಗೆಂದು ಬಲಗೈಯನ್ನು ಹೊದಿಕೆಯ ಮೇಲೆ ಚಾಚಿ, ಅಂಗೈ ಬಿಚ್ಚಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕಾದಳು. ಆ ಅಂಗೈಯನ್ನು ಅಮೋಸ್ ತನ್ನೆರಡೂ ಕೈಯಿಂದ ಮುಚ್ಚಿದ. ಅವಳು ಎಳೆದುಕೊಂಡಳು, ಮತ್ತೆ ಚಾಚಿದಳು. ಮಧ್ಯಾಹ್ನ ಉಸಿರು ನಿಂತಾಗಲೂ ಅದು ಹಾಗೆಯೇ ತೆರೆದಿತ್ತು.