ಸಿರಾಕೂಸಾದ ಕಂಬಗಳು

ಅಮೆರಿಕದ ಎವರೆಟ್ಟಿನ ಕಾರ್ಖಾನೆಯಲ್ಲಿ ನಾನು ವಿಮಾನದ ತಗಡುಗಳ ಜೋಡಣೆ ಪರೀಕ್ಷಿಸುವವನು. ಎರಡು ತಗಡು ಕೂಡುವ ಸಂದಿಯ ಮೇಲೆ ಉಗುರು ಎಳೆಯುತ್ತೇನೆ; ತಡೆದರೆ ಕೆಲಸ ಮತ್ತೆ ಮೊದಲಿಂದ. ಈ ಚಟ ರಜೆಯಲ್ಲೂ ಬಿಡುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಅವ್ವನನ್ನು ಕರೆದುಕೊಂಡು ಇಟಲಿಯ ಸಿಸಿಲಿ ದ್ವೀಪದ ಕಡಲ ದಂಡೆಯ ಹಳೆಯ ಊರು ಸಿರಾಕೂಸಾಕ್ಕೆ ಹೋಗಿದ್ದೆ. ಅಲ್ಲಿನ ದೊಡ್ಡ ಚರ್ಚಿನ ಬಾಗಿಲಲ್ಲಿ ಅವ್ವ ಚಪ್ಪಲಿ ಬಿಟ್ಟಳು. ಸುತ್ತಲಿನವರು ನೋಡತೊಡಗಿದರು. ನನಗೆ ಸಿಟ್ಟು ಬಂತು.

“ಇದು ಚರ್ಚ್ ಅವ್ವಾ. ಇಲ್ಲಿ ಯಾರೂ ಬಿಡಂಗಿಲ್ಲ, ಹಾಕ್ಕೋ.”

“ಒಳಗ ದೇವರು ಅದಾನೋ ಇಲ್ಲೋ?”

“ಅದಾನ.”

“ಮತ್ತ?” ಎಂದವಳೇ ಬರಿಗಾಲಲ್ಲಿ ಒಳಗೆ ನಡೆದುಬಿಟ್ಟಳು.

ಗೊಣಗುತ್ತ ಹಿಂದೆ ಹೋದವನು ಅಲ್ಲೇ ನಿಂತೆ. ಚರ್ಚಿನ ಗೋಡೆಯಲ್ಲಿ ಸಾಲಾಗಿ ಗ್ರೀಕರ ಕಂಬಗಳು ಹುದುಗಿದ್ದವು, ಮೂವರು ಸೇರಿದರೂ ತಬ್ಬಲಾಗದಷ್ಟು ದಪ್ಪ. ಸುಮಾರು ಎರಡೂವರೆ ಸಾವಿರ ವರ್ಷದ ಹಿಂದಿನ ಗುಡಿಯನ್ನು ಕೆಡವದೆ, ಕಂಬಗಳ ನಡುವೆ ಗೋಡೆ ತುಂಬಿ ಚರ್ಚು ಮಾಡಿಕೊಂಡಿದ್ದರು.

ಕಂಬದಲ್ಲಿ ಒಂದರ ಮೇಲೊಂದು ಕೂರಿಸಿದ ಕಲ್ಲುಗಳ ಸಂದಿಯ ಮೇಲೆ ಉಗುರು ಎಳೆದೆ. ತಡೆಯಲಿಲ್ಲ. ನಂಬಿಕೆ ಬರದೆ ಇನ್ನೊಮ್ಮೆ ಎಳೆದೆ.

ಅವ್ವ ಪಕ್ಕದ ಕಂಬಕ್ಕೆ ಕೈ ಮುಗಿದು ನಿಂತಿದ್ದಳು. ನಾನು ಬಾಗಿಲಿಗೆ ವಾಪಸು ಹೋಗಿ, ಶೂ ಬಿಚ್ಚಿ, ಅವಳ ಚಪ್ಪಲಿಯ ಪಕ್ಕದಲ್ಲಿಟ್ಟು ಬಂದೆ.